ವರ್ಷಕ್ಕೆ 19 ಪೌಂಡಿಗೆ ಒಂದು ಮಗುವಿನ ಶಾಲಾ ಊಟ: ಈ ಲೆಕ್ಕವನ್ನು ನಂಬಬಹುದೇ?

ಮಳೆಬಿಲ್ಲು

ಬಡದೇಶಗಳ ಶಾಲೆಗಳಲ್ಲಿ ಮಕ್ಕಳಿಗೆ ದಿನಕ್ಕೊಂದು ಊಟ ಕೊಡುವ ಮೇರೀಸ್ ಮೀಲ್ಸ್ ಎಂಬ ಸ್ಕಾಟ್ಲೆಂಡಿನ ಸಂಸ್ಥೆಯ ಬಗ್ಗೆ ಇಲ್ಲಿ ಯಾರಿಗಾದರೂ ತಿಳಿದಿದೆಯೇ? ಅತ್ತೆಯವರ ನೆನಪಿನಲ್ಲಿ ನಾವು ಪ್ರತಿವರ್ಷ ಒಂದಿಷ್ಟು ಹಣ ತೆಗೆದಿಡುತ್ತೇವೆ. ಈ ಸಲ ಅದನ್ನು ಇಂಥ ಕೆಲಸಕ್ಕೆ ಕೊಡೋಣ ಎಂದು ಮಗಳು ಹಟ ಹಿಡಿದಿದ್ದಾಳೆ. ಒಂದು ಮಗುವಿಗೆ ಇಡೀ ಶಾಲಾವರ್ಷ ಊಟ ಹಾಕಲು 19 ಪೌಂಡ್ 15 ಪೆನ್ಸ್ ಸಾಕೆಂದು ಅವರ ಕರಪತ್ರದಲ್ಲಿದೆ. ನಮ್ಮ ಯಜಮಾನರು ಅದನ್ನು ಓದಿ, "ಇಷ್ಟು ಕಡಿಮೆಗೆ ಊಟ ಬರುವುದಾದರೆ ಒಂದೋ ಗಂಜಿ ತೆಳ್ಳಗಿರಬೇಕು, ಇಲ್ಲವೇ ಲೆಕ್ಕ ತೆಳ್ಳಗಿರಬೇಕು" ಎಂದು ಮಡಚಿಟ್ಟರು.

ನನಗೆ ತಿಳಿಯಬೇಕಾದದ್ದು ಎರಡೇ ವಿಷಯ. ಆ ಹಣದಲ್ಲಿ ನಿಜವಾಗಿ ಊಟ ಸಿಗುತ್ತದೆಯೇ? ಸಿಕ್ಕರೆ ಅದರಿಂದ ಮಗುವಿಗೆ ಏನಾಗುತ್ತದೆ? ಹಸಿದ ಮಗುವಿಗೆ ಅನ್ನ ಕೊಡುವುದು ಒಳ್ಳೆಯದೇ ಅಲ್ಲವೇ ಎಂಬ ಉತ್ತರ ದಯವಿಟ್ಟು ಬೇಡ. ಅದು ನನಗೂ ಗೊತ್ತು.

ಹಳೆಮೇಷ್ಟ್ರು

ಸಂಸ್ಥೆ ಹುಟ್ಟಿದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಮ್ಯಾಗ್ನಸ್ ಮ್ಯಾಕ್‌ಫಾರ್ಲೇನ್-ಬಾರೋ ಎಂಬಾತ ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಮೀನು ಸಾಕುತ್ತಿದ್ದವನು. 1992ರಲ್ಲಿ ಬೋಸ್ನಿಯಾ ಯುದ್ಧದ ನಿರಾಶ್ರಿತರಿಗೆ ಕಂಬಳಿ, ಆಹಾರ ತುಂಬಿಕೊಂಡು ಸಹೋದರನ ಜೊತೆ ಜೀಪಿನಲ್ಲಿ ಹೊರಟ. ಹತ್ತು ವರ್ಷದ ನಂತರ, 2002ರ ಬರಗಾಲದಲ್ಲಿ ಆಫ್ರಿಕಾದ ಮಲಾವಿ ದೇಶಕ್ಕೆ ಹೋದ. ಅಲ್ಲಿ ಏಡ್ಸ್‌ನಿಂದ ಸಾಯುತ್ತಿದ್ದ ತಾಯಿಯೊಬ್ಬಳ ಹಿರಿಯ ಮಗನನ್ನು, ನಿನಗೆ ಬದುಕಿನಲ್ಲಿ ಏನು ಬೇಕು ಎಂದು ಕೇಳಿದಾಗ ಹುಡುಗ ಹೇಳಿದ್ದು ಎರಡು ಮಾತು: ಹೊಟ್ಟೆಗೆ ಸಾಕಷ್ಟು ಊಟ, ಒಂದು ದಿನ ಶಾಲೆಗೆ ಹೋಗುವುದು. ಆ ವರ್ಷವೇ ಸುಮಾರು 200 ಮಕ್ಕಳಿಗೆ ಶಾಲೆಯಲ್ಲಿ ಗಂಜಿ ಕೊಡುವ ಮೂಲಕ ಕೆಲಸ ಆರಂಭವಾಯಿತು. ಈಗ ಹಲವು ದೇಶಗಳಲ್ಲಿ ಒಟ್ಟು 20 ಲಕ್ಷಕ್ಕೂ ಹೆಚ್ಚು ಮಕ್ಕಳು ಅವರ ಊಟ ಉಣ್ಣುತ್ತಿದ್ದಾರೆ. ಅತಿ ದೊಡ್ಡ ಪಾಲು ಇನ್ನೂ ಮಲಾವಿಯದೇ.

ಮಲಾವಿಯಲ್ಲೇ ಏಕೆ ಎಂಬುದಕ್ಕೆ ಬರದಾಚೆಗೂ ಒಂದು ಕಾರಣವಿದೆ. 1994ರಲ್ಲಿ ಅಲ್ಲಿನ ಹೊಸ ಸರ್ಕಾರ ಪ್ರಾಥಮಿಕ ಶಾಲೆಯ ಶುಲ್ಕವನ್ನು ತೆಗೆದುಹಾಕಿತು. ಸುಮಾರು 19 ಲಕ್ಷವಿದ್ದ ದಾಖಲಾತಿ ಏಕಾಏಕಿ 30 ಲಕ್ಷದ ಹತ್ತಿರ ಬಂತು. ಕಟ್ಟಡ ಹೆಚ್ಚಲಿಲ್ಲ, ಶಿಕ್ಷಕರು ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಒಂದನೆಯ ತರಗತಿಯಲ್ಲಿ ನೂರಕ್ಕೂ ಮೇಲೆ ಮಕ್ಕಳು, ಕೊಠಡಿ ಸಾಲದೆ ಮರದಡಿ ಪಾಠ. ಶುಲ್ಕ ಹೋದರೂ ಹಸಿವು ಹೋಗಿರಲಿಲ್ಲ. ಹೆಸರು ಬರೆಸಿದ ಮಕ್ಕಳು ಬರುವುದನ್ನು ನಿಲ್ಲಿಸುತ್ತಿದ್ದರು.

ದಕ್ಷಿಣಾಯನ

ನಾನು ಕೆಲಸದ ನಿಮಿತ್ತ ಮಲಾವಿಯ ಬ್ಲಾಂಟೈರ್ ನಗರದಲ್ಲಿ ಕೆಲವು ವರ್ಷ ಇದ್ದೆ. ಪಂಪ್‌ಸೆಟ್ ಅಳವಡಿಸುವ ಕೆಲಸ, ಊಟದ ಯೋಜನೆಗೂ ನನಗೂ ಸಂಬಂಧವಿರಲಿಲ್ಲ. ಆದರೆ ಕೊಳವೆಬಾವಿಗಳು ಹೆಚ್ಚಾಗಿ ಶಾಲೆಯ ಆವರಣದಲ್ಲೇ ಇರುತ್ತಿದ್ದುದರಿಂದ ಆ ಅಡುಗೆಯನ್ನು ಹತ್ತಿರದಿಂದ ನೋಡಿದ್ದೇನೆ.

ಗಂಜಿ ತೆಳ್ಳಗಿರುವುದಿಲ್ಲ ಮೇಡಂ, ಅಷ್ಟನ್ನು ನಿಮ್ಮ ಯಜಮಾನರಿಗೆ ಧೈರ್ಯವಾಗಿ ಹೇಳಿ. ಅದಕ್ಕೆ ಲಿಕುನಿ ಫಾಲಾ ಎನ್ನುತ್ತಾರೆ. ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟು, ಸಕ್ಕರೆ, ಜೊತೆಗೆ ಬೆರೆಸಿದ ಜೀವಸತ್ವಗಳು. ಬೆಳಕು ಹರಿಯುವ ಮೊದಲೇ ಹೆಂಗಸರು ಬಂದು ಒಲೆ ಹೊತ್ತಿಸಿರುತ್ತಾರೆ. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ, ಆಮೇಲೆ ಕುದಿಯುವ ಹಂಡೆಗೆ ಸುರಿದು, ದೋಣಿಯ ಹುಟ್ಟಿನಷ್ಟು ಉದ್ದದ ಮರದ ಸೌಟಿನಿಂದ ಇಬ್ಬರು ನಿಂತು ತಿರುಗಿಸುತ್ತಾರೆ. ಕೈ ನಿಂತರೆ ಗಂಟು ಕಟ್ಟುತ್ತದೆ, ತಳ ಹಿಡಿಯುತ್ತದೆ. ಗುಡಿಸಲಿನ ತುಂಬ ಹೊಗೆ. ತಿರುಗಿಸುವವಳ ಬೆನ್ನಿನ ಮೇಲೆ ಬಟ್ಟೆಯಲ್ಲಿ ಕಟ್ಟಿದ ಕೂಸು ಮಲಗಿರುತ್ತದೆ.

ಮಕ್ಕಳು ತಂತಮ್ಮ ಪ್ಲಾಸ್ಟಿಕ್ ಲೋಟ ಹಿಡಿದು ತರಗತಿವಾರು ಸಾಲು ನಿಲ್ಲುತ್ತಾರೆ. ಚಿಕ್ಕ ತರಗತಿಯವರಿಗೆ ಮೊದಲು. ಒಂದು ದೊಡ್ಡ ಲೋಟ ತುಂಬ ಬಿಸಿ ಗಂಜಿ. ಕೆಲವರು ಅರ್ಧ ಕುಡಿದು ಲೋಟದ ಮೇಲೆ ಅಂಗೈ ಮುಚ್ಚಿಕೊಂಡು ನಿಲ್ಲುತ್ತಿದ್ದರು. ಅದು ಮನೆಯಲ್ಲಿರುವ ತಮ್ಮನಿಗೋ ತಂಗಿಗೋ. ಶಾಲೆಯ ವಯಸ್ಸಾಗದ ಪುಟ್ಟ ಮಕ್ಕಳು ಬೇಲಿಯಾಚೆ ನಿಂತಿರುತ್ತಿದ್ದರು. ಹಂಡೆಯಲ್ಲಿ ಉಳಿದರೆ ಅವರಿಗೂ ಸಿಗುತ್ತಿತ್ತು, ಉಳಿಯದ ದಿನ ಇಲ್ಲ.

ಲೆಕ್ಕಿಗ

ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. 19.15 ಪೌಂಡನ್ನು 200 ಶಾಲಾ ದಿನಕ್ಕೆ ಹಂಚಿದರೆ ದಿನಕ್ಕೆ ಹತ್ತು ಪೆನ್ಸಿಗೂ ತುಸು ಕಡಿಮೆ ಬರುತ್ತದೆ. ಮಲಾವಿಯ ಗಂಜಿಗೆ ಇದು ನಂಬಬಹುದಾದ ಮೊತ್ತ. ಸಗಟು ಹಿಟ್ಟು, ಲಾರಿ ಬಾಡಿಗೆ, ದಾಸ್ತಾನು, ಶಾಲೆಯಿಂದ ಶಾಲೆಗೆ ಹೋಗಿ ಚೀಲ ಎಣಿಸುವ ಮೇಲ್ವಿಚಾರಕರ ಸಂಬಳ, ಇಷ್ಟು ಅದರಲ್ಲಿ ಸೇರುತ್ತದೆ. ಆದರೆ ಗಮನಿಸಿ, ಇದು ಅವರು ಕೆಲಸ ಮಾಡುವ ಎಲ್ಲ ದೇಶಗಳ ಸರಾಸರಿ. ಯುದ್ಧ, ಗುಂಪುಗಲಭೆಗಳ ನಡುವೆ ಸಾಗಿಸಬೇಕಾದ ಹೈಟಿಯ ಊಟ, ದಕ್ಷಿಣ ಸುಡಾನಿನ ಊಟ ಇದಕ್ಕಿಂತ ದುಬಾರಿ. ಮಲಾವಿಯದು ಅಗ್ಗವಾಗಿರುವುದರಿಂದ ಸರಾಸರಿ ತಗ್ಗುತ್ತದೆ.

ಇದೇ ಸಂಸ್ಥೆ ಕೆಲವು ವರ್ಷಗಳ ಹಿಂದೆ 13.90 ಪೌಂಡ್ ಎನ್ನುತ್ತಿತ್ತು, ಆಮೇಲೆ 15.90 ಆಯಿತು, ಈಗ 19.15. ಬೆಲೆ ಏರಿದಾಗ ಏರಿದೆ ಎಂದು ಬಹಿರಂಗವಾಗಿ ಹೇಳಿದ್ದು ನನ್ನ ದೃಷ್ಟಿಯಲ್ಲಿ ಒಳ್ಳೆಯ ಲಕ್ಷಣ. ವರ್ಷಾನುವರ್ಷ ಒಂದೇ ಅಂಕಿ ಹಿಡಿದು ಕೂತಿರುವ ಸಂಸ್ಥೆಗಳ ಬಗ್ಗೆ ನನಗೆ ಹೆಚ್ಚು ಅನುಮಾನ. ಮಲಾವಿಯ ಕರೆನ್ಸಿಯಾದ ಕ್ವಾಚಾವನ್ನು 2022ರ ಮೇ ತಿಂಗಳಲ್ಲಿ ಶೇ. 25ರಷ್ಟು, 2023ರ ನವೆಂಬರ್‌ನಲ್ಲಿ ಶೇ. 44ರಷ್ಟು ಅಪಮೌಲ್ಯ ಮಾಡಿದರು. ಪೌಂಡ್ ಹಿಡಿದವನಿಗೆ ಇದು ಲಾಭ ಎನಿಸಬಹುದು. ಆದರೆ ಡೀಸೆಲ್, ರಸಗೊಬ್ಬರ ಎರಡೂ ಆಮದು. ಅವುಗಳ ಬೆಲೆ ಮೇಲೆದ್ದು ಕೊನೆಗೆ ಜೋಳದ ಚೀಲದ ಮೇಲೆಯೇ ಬಂದು ಕೂರುತ್ತದೆ. ಅದರ ಮೇಲೆ 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ, 2024ರಲ್ಲಿ ಎಲ್ ನಿನೊ ಬರ. ಆ ವರ್ಷ ದೇಶದ 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತು ಘೋಷಿಸಬೇಕಾಯಿತು.

ಅಡ್ಡಪ್ರಶ್ನೆ

ಲೆಕ್ಕಿಗರೇ, ನಿಮ್ಮ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಬೆಳಕು ಹರಿಯುವ ಮೊದಲು ಬಂದು ಒಲೆ ಹೊತ್ತಿಸಿದ ಹೆಂಗಸರ ಕೂಲಿ ಎಲ್ಲಿ? ಮಲಾವಿಯೊಂದರಲ್ಲೇ ಹತ್ತಾರು ಸಾವಿರ ಜನ ಈ ಕೆಲಸಕ್ಕೆ ಸರದಿಯಲ್ಲಿ ಬರುತ್ತಾರೆ, ಬಹುಪಾಲು ತಾಯಂದಿರು, ಅಜ್ಜಿಯರು. ಬಿಡಿಗಾಸು ಇಲ್ಲ. ಸೌದೆ ಹೊತ್ತು ತರುವವರು ಅವರೇ, ನೀರು ಸೇದುವವರು ಅವರೇ, ಪಾತ್ರೆ ಉಜ್ಜುವವರು ಅವರೇ. ಮೇಲ್ವಿಚಾರಕನಿಗೆ ಸಂಬಳ, ಲಾರಿ ಚಾಲಕನಿಗೆ ಸಂಬಳ, ಗ್ಲಾಸ್ಗೋ ಕಚೇರಿಯವರಿಗೆ ಸಂಬಳ, ಅಡುಗೆಯವಳಿಗೆ ಮಾತ್ರ "ಸ್ವಯಂಸೇವಕಿ" ಎಂಬ ಬಿರುದು.

ಕರಪತ್ರದಲ್ಲಿ 19 ಪೌಂಡ್ ಎಂದು ಹೊಳೆಯುವ ಆ ಅಂಕಿ ಅಷ್ಟು ಸಣ್ಣದಾಗಿರುವುದೇ ಇದರಿಂದ. ಜಗತ್ತಿನ ಅತಿ ಬಡ ಹೆಂಗಸರು ತಮ್ಮ ದುಡಿಮೆಯನ್ನು ಪುಕ್ಕಟೆ ಕೊಟ್ಟು ನಮ್ಮ ದಾನವನ್ನು ಅಗ್ಗ ಮಾಡಿಕೊಟ್ಟಿದ್ದಾರೆ. ದೊಡ್ಡ ದಾನಿಗಳು ಅವರು. ಆದರೆ ಪಟ್ಟಿಯಲ್ಲಿ ಹೆಸರು ನಮ್ಮದು. ಬ್ರೆಜಿಲ್‌ನಲ್ಲಿ ಇದೇ ಕೆಲಸ ಮಾಡುವವರು ಸಂಬಳದ ನೌಕರರು.

ದಕ್ಷಿಣಾಯನ

ಅಡ್ಡಪ್ರಶ್ನೆಯವರ ಮಾತಿನಲ್ಲಿ ಸತ್ಯವಿದೆ, ಆದರೆ ಚಿತ್ರ ಅಷ್ಟು ಸರಳವಿಲ್ಲ. ಸರದಿ ಇರುತ್ತದೆ. ದೊಡ್ಡ ಶಾಲೆಯಾದರೆ ಒಬ್ಬಳ ಪಾಳಿ ಮತ್ತೆ ಬರಲು ವಾರಗಳೇ ಆಗುತ್ತವೆ. ಕೆಲಸವೂ ಮೋಜಿನ ಗದ್ದಲದಲ್ಲೇ ನಡೆಯುತ್ತದೆ, ಹಾಡು, ಹರಟೆ, ಊರಿನ ಸುದ್ದಿ. ಅಡುಗೆ ತಮ್ಮ ಕೈಯಲ್ಲಿರುವುದರಿಂದ ಹಿಟ್ಟಿನ ಚೀಲ ಎಲ್ಲಿ ಹೋಯಿತೆಂದು ಕೇಳುವ ಅಧಿಕಾರವೂ ಆ ತಾಯಂದಿರಿಗೆ ಬರುತ್ತದೆ. ಹೊರಗಿನ ಯಾವ ಲೆಕ್ಕಪರಿಶೋಧಕನಿಗಿಂತ ಅವರ ಕಣ್ಣು ಚುರುಕು. ಲೆಕ್ಕಿಗರು ಕ್ಷಮಿಸಬೇಕು.

ತೊಂದರೆ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಮೊದಲ ಮಳೆ ಬಿದ್ದ ಕೂಡಲೇ ಜೋಳ ಬಿತ್ತಬೇಕು, ಕಳೆ ಕೀಳಬೇಕು. ಆ ವಾರಗಳಲ್ಲಿ ಒಂದು ಬೆಳಗನ್ನು ಶಾಲೆಯ ಒಲೆಗೆ ಕೊಟ್ಟರೆ ಹೊಲದಲ್ಲಿ ಒಂದು ಬೆಳಗು ಹೋಯಿತು, ಅದು ಏಪ್ರಿಲ್‌ನ ಕೊಯ್ಲಿನಲ್ಲಿ ಕಾಣಿಸುತ್ತದೆ. ಗಂಡಸರಿಲ್ಲದ ಮನೆಯವಳಿಗೆ ಇದು ಭಾರವೇ. ಬಾರದಿದ್ದರೆ ಊರಿನ ಮುಖಂಡ ಕರೆಸಿ ಕೇಳುವುದೂ ಉಂಟು. ಹಾಗಾಗಿ ಇದನ್ನು ಪೂರ್ತಿ ಸ್ವಇಚ್ಛೆ ಎನ್ನಲೂ ಆಗದು, ಬಿಟ್ಟಿ ದುಡಿಮೆ ಎನ್ನಲೂ ನನಗೆ ಮನಸ್ಸು ಬಾರದು.

ಲೆಕ್ಕಿಗ

ಅಡ್ಡಪ್ರಶ್ನೆಯವರ ಆಕ್ಷೇಪವನ್ನು ಲೆಕ್ಕಕ್ಕೆ ತರಬಹುದು. ಕೂಲಿ ಸೇರಿಸಿದರೆ ಪ್ರತಿ ಮಗುವಿನ ವೆಚ್ಚ ಏರುತ್ತದೆ, ಅಷ್ಟೇ ಹಣದಲ್ಲಿ ಉಣ್ಣುವ ಮಕ್ಕಳ ಸಂಖ್ಯೆ ಇಳಿಯುತ್ತದೆ. ಯಾವುದನ್ನು ಆರಿಸುವುದು ಎಂಬುದು ನ್ಯಾಯದ ಪ್ರಶ್ನೆ, ಲೆಕ್ಕದ್ದಲ್ಲ. ಆದರೆ "ಸ್ವಯಂಸೇವಕರ ದುಡಿಮೆಯನ್ನು ಇದರಲ್ಲಿ ಸೇರಿಸಿಲ್ಲ" ಎಂದು ಆ ಅಂಕಿಯ ಕೆಳಗೇ ಮುದ್ರಿಸಲು ಏನೂ ಖರ್ಚಾಗದು. ಅಷ್ಟನ್ನು ದಾನಿಗಳು ಕೇಳಿಯೇ ಕೇಳಬೇಕು.

ಶಿಶುವೈದ್ಯೆ

ಎರಡನೆಯ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ. ದಕ್ಷಿಣಾಯನ ಅವರು ಬೇಲಿಯಾಚೆ ನಿಂತ ಪುಟ್ಟ ಮಕ್ಕಳ ಮಾತು ಹೇಳಿದರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಮಗುವಿನ ಮಿದುಳು, ಎತ್ತರ ಎರಡೂ ಬಹುಪಾಲು ನಿರ್ಧಾರವಾಗುವುದು ಗರ್ಭದಿಂದ ಎರಡು ವರ್ಷದವರೆಗಿನ ಮೊದಲ ಸಾವಿರ ದಿನಗಳಲ್ಲಿ. ಆ ಹೊತ್ತಿನಲ್ಲಿ ಕುಂಠಿತಗೊಂಡ ಬೆಳವಣಿಗೆಯನ್ನು ಆರನೆಯ ವರ್ಷದ ಗಂಜಿ ಪೂರ್ತಿ ಸರಿಪಡಿಸಲಾರದು. ಶಾಲಾ ಊಟ ಅಪೌಷ್ಟಿಕತೆಗೆ ಮದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

2007ರಲ್ಲಿ ಕೊಕ್ರೇನ್ ಎಂಬ ವೈದ್ಯಕೀಯ ಸಮೀಕ್ಷಾ ಜಾಲ ಶಾಲಾ ಊಟದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಕಡಿಮೆ ಆದಾಯದ ದೇಶಗಳಲ್ಲಿ ಊಟ ಸಿಕ್ಕ ಮಕ್ಕಳು ಸಿಗದವರಿಗಿಂತ ಸುಮಾರು 400 ಗ್ರಾಂ ಹೆಚ್ಚು ತೂಕ ಗಳಿಸಿದ್ದರು, ವರ್ಷಕ್ಕೆ ನಾಲ್ಕರಿಂದ ಆರು ದಿನ ಹೆಚ್ಚು ಶಾಲೆಗೆ ಬಂದಿದ್ದರು. ಕರಪತ್ರದ ಭಾವಚಿತ್ರ ನೋಡಿ ನಾವು ಊಹಿಸಿಕೊಳ್ಳುವ ಪವಾಡ ಇದಲ್ಲ. ಆದರೆ ಇದು ಸರಾಸರಿ. ಮನೆಯಲ್ಲಿ ಬೆಳಗಿನ ಊಟವೇ ಇಲ್ಲದ ಮಗುವಿಗೂ, ಹೇಗೋ ಎರಡು ಹೊತ್ತು ಉಣ್ಣುವ ಮಗುವಿಗೂ ಒಂದೇ ಅಳತೆ ಹಾಕಿದಂತೆ. ಘಾನಾದಲ್ಲಿ ಸರ್ಕಾರಿ ಶಾಲಾ ಊಟವನ್ನು ಪರೀಕ್ಷಿಸಿದಾಗ ಕಲಿಕೆಯಲ್ಲಿ ಆದ ಸುಧಾರಣೆ ಹೆಣ್ಣುಮಕ್ಕಳಲ್ಲಿ, ಅತಿ ಬಡ ಮನೆಯವರಲ್ಲಿ ಎದ್ದು ಕಂಡಿತು.

ಬುರ್ಕಿನಾ ಫಾಸೊದಲ್ಲಿ ಇನ್ನೊಂದು ದಾರಿ ನೋಡಿದರು. ಶಾಲೆಗೆ ತಪ್ಪದೆ ಬರುವ ಹೆಣ್ಣುಮಕ್ಕಳಿಗೆ ತಿಂಗಳಿಗೊಮ್ಮೆ ಮನೆಗೆ ಹಿಟ್ಟಿನ ಚೀಲ ಕೊಟ್ಟರು. ಶಾಲೆಗೆ ಹೋಗದ ಚಿಕ್ಕ ತಮ್ಮ ತಂಗಿಯರ ತೂಕವೂ ಏರಿತು. ಅಂಗೈ ಮುಚ್ಚಿಕೊಂಡು ನಿಲ್ಲುವ ಮಕ್ಕಳು ತಮ್ಮ ಲೋಟದಲ್ಲಿ ಮಾಡುತ್ತಿರುವುದೂ ಅದನ್ನೇ.

ಹಳೆಮೇಷ್ಟ್ರು

ಡಾಕ್ಟರಮ್ಮನವರ ಮಾತಿಗೆ ಮೇಷ್ಟ್ರ ಕಡೆಯಿಂದ ಒಂದು ಸೇರ್ಪಡೆ. ಪಶ್ಚಿಮ ಕೀನ್ಯಾದ ಶಿಶುವಿಹಾರಗಳಲ್ಲಿ ಮೈಕಲ್ ಕ್ರೆಮರ್ (2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು) ಮತ್ತು ಕ್ರಿಸ್ಟೆಲ್ ವರ್ಮೀರ್ಶ್ ನಡೆಸಿದ ಅಧ್ಯಯನವನ್ನು ಈ ವಿಷಯದಲ್ಲಿ ಆಸಕ್ತಿ ಇರುವವರು ಓದಲೇಬೇಕು. ಕೆಲವು ಶಿಶುವಿಹಾರಗಳಲ್ಲಿ ಬೆಳಗಿನ ಗಂಜಿ ಕೊಟ್ಟರು, ಕೆಲವುಗಳಲ್ಲಿ ಇಲ್ಲ. ಗಂಜಿ ಇರುವಲ್ಲಿ ಮಕ್ಕಳ ಭಾಗವಹಿಸುವಿಕೆ ಸುಮಾರು ಶೇ. 27ರ ಬದಲು ಶೇ. 36ರಷ್ಟಿತ್ತು. ಅಲ್ಲಿಗೆ ಚಪ್ಪಾಳೆ ತಟ್ಟಿ ಎದ್ದು ಹೋಗಬಹುದಿತ್ತು. ಅವರು ಮುಂದೆಯೂ ನೋಡಿದರು. ಗಂಜಿ ಕಾಯಿಸಿ, ಹಂಚಿ, ಲೋಟ ತೊಳೆಯುವಷ್ಟರಲ್ಲಿ ಪಾಠದ ಹೊತ್ತು ಕರಗಿತ್ತು. ತರಗತಿಗಳು ಕಿಕ್ಕಿರಿದವು. ಊಟ ಇದೆಯೆಂದು ಆ ಶಿಶುವಿಹಾರಗಳು ಶುಲ್ಕವನ್ನೂ ಏರಿಸಿದವು! ಪರೀಕ್ಷೆಯ ಅಂಕ ಮೇಲೇರಿದ್ದು ಮೊದಲೇ ಚೆನ್ನಾಗಿ ತರಬೇತಾದ ಶಿಕ್ಷಕರು ಇದ್ದಲ್ಲಿ ಮಾತ್ರ.

ನಾನು ಜೀವನವಿಡೀ ತರಗತಿಯಲ್ಲಿ ನಿಂತವನು, ಇದನ್ನು ಓದಿ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಹಸಿದ ಹುಡುಗನಿಗೆ ಹತ್ತೂವರೆಯ ಮೇಲೆ ಕಪ್ಪುಹಲಗೆ ಕಾಣುವುದಿಲ್ಲ, ಅದು ನಿಜ. ಆದರೆ ಹೊಟ್ಟೆ ತುಂಬಿಸಿಕೊಂಡು ಬಂದ ನೂರಿಪ್ಪತ್ತು ಮಕ್ಕಳ ಮುಂದೆ ಒಬ್ಬನೇ ಮೇಷ್ಟ್ರು, ಎರಡೇ ಪುಸ್ತಕ ಇದ್ದರೆ ಕಲಿಕೆ ಎಲ್ಲಿಂದ ಬರಬೇಕು? ಊಟದ ಸಂಸ್ಥೆಗಳು ದಾಖಲಾತಿಯ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತವೆ. ಒಂದನೆಯ ತರಗತಿಗೆ ಹೊಸದಾಗಿ ಬಂದವರನ್ನು ಎಲ್ಲಿ ಕೂರಿಸಿದರು ಎಂಬುದನ್ನು ಬರೆಯುವುದಿಲ್ಲ.

ಕೆರೆಏರಿ

ಸಂಸ್ಥೆಯ ಹೆಸರಿನಲ್ಲೇ ಮೇರಿ ಇದ್ದಾಳೆ. ಮತಾಂತರದ ಮಾತೇನಾದರೂ ಉಂಟೇ?

ದಕ್ಷಿಣಾಯನ

ಸ್ಥಾಪಕರು ಕ್ಯಾಥೊಲಿಕ್ ಭಕ್ತರು, ಹೆಸರು ಯೇಸುವಿನ ತಾಯಿಯದು, ಅದನ್ನು ಅವರು ಮುಚ್ಚಿಟ್ಟಿಲ್ಲ. ಸಾಲಿನಲ್ಲಿ ನಿಂತ ಮಗುವಿನ ಮತ ಕೇಳಿದ್ದನ್ನು ನಾನು ನೋಡಿಲ್ಲ. ಮಲಾವಿಯ ದಕ್ಷಿಣದಲ್ಲಿ, ಮಲಾವಿ ಸರೋವರದ ದಂಡೆಯಲ್ಲಿ ಮುಸ್ಲಿಂ ಊರುಗಳೇ ಬಹಳ. ಅಲ್ಲಿನ ಶಾಲೆಗಳಲ್ಲೂ ಇದೇ ಹಂಡೆ, ಇದೇ ಗಂಜಿ.

ಕಡಲತಡಿ

ಇಲ್ಲಿಯವರೆಗೆ ಒಂದೇ ಸಂಸ್ಥೆಯ ಸುತ್ತ ಸುತ್ತುತ್ತಿದ್ದೇವೆ. ಹಿಟ್ಟು ಎಲ್ಲಿಂದ ಬರುತ್ತದೆ ಎಂದು ಕೇಳದೆ ಶಾಲಾ ಊಟದ ದಾನವನ್ನು ತೂಗಿ ನೋಡಲಾಗದು.

ಬಡದೇಶಗಳ ಶಾಲಾ ಊಟದ ಹಿಂದೆ ಬಹುಕಾಲ ಇದ್ದದ್ದು ಶ್ರೀಮಂತ ದೇಶಗಳ ಉಗ್ರಾಣದಲ್ಲಿ ಮಿಕ್ಕ ಧಾನ್ಯ. ಧಾನ್ಯವನ್ನು ಹೊರದೇಶಗಳಿಗೆ ನೆರವಾಗಿ ಕಳಿಸುವ ಅಮೆರಿಕದ 1954ರ ಪಬ್ಲಿಕ್ ಲಾ 480 ಎಂಬ ಕಾನೂನಿಗೆ ಹಸಿದವರ ಮೇಲೆ ಇದ್ದಷ್ಟೇ ಕಾಳಜಿ ತನ್ನ ರೈತರ ಹೆಚ್ಚುವರಿ ಬೆಳೆಯ ಮೇಲೂ ಇತ್ತು. 2002ರಲ್ಲಿ ಜಾರ್ಜ್ ಮೆಗವರ್ನ್, ಬಾಬ್ ಡೋಲ್ ಎಂಬ ಎದುರಾಳಿ ಪಕ್ಷಗಳ ಇಬ್ಬರು ನಾಯಕರ ಹೆಸರಿನಲ್ಲಿ ಶಾಲಾ ಊಟಕ್ಕೆಂದೇ ಯೋಜನೆ ಬಂತು, ಅದೂ ಮುಖ್ಯವಾಗಿ ಅಮೆರಿಕದ ಧಾನ್ಯದ ಮೇಲೆಯೇ ನಿಂತದ್ದು.

ಹೊರಗಿನ ಅಗ್ಗದ ಆಹಾರ ಒಂದು ದೇಶಕ್ಕೆ ಏನು ಮಾಡಬಲ್ಲದು ಎಂಬುದನ್ನು ಹೈಟಿಯಲ್ಲಿ ನೋಡಿ. 1995ರಲ್ಲಿ ಅಲ್ಲಿ ಅಕ್ಕಿಯ ಆಮದು ಸುಂಕವನ್ನು ಶೇ. 3ಕ್ಕೆ ಇಳಿಸಿದರು. ಸಬ್ಸಿಡಿ ಪಡೆದ ಅಮೆರಿಕದ ಅಕ್ಕಿ ನುಗ್ಗಿತು, ಹೈಟಿಯ ಭತ್ತದ ಬೆಳೆಗಾರ ಎದ್ದೇಳಲಿಲ್ಲ. ಸುಂಕ ಇಳಿದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 2010ರ ಮಾರ್ಚ್‌ನಲ್ಲಿ ತಮ್ಮ ದೇಶದ ಸೆನೆಟ್ ಸಮಿತಿಯ ಮುಂದೆ ಕೂತು, ಆ ನೀತಿ ತನ್ನ ಅರ್ಕಾನ್ಸಾಸ್‌ನ ಕೆಲವು ರೈತರಿಗೆ ಒಳ್ಳೆಯದಾಗಿರಬಹುದು, ಹೈಟಿಗೆ ಆಗಲಿಲ್ಲ ಎಂದು ಒಪ್ಪಿಕೊಂಡರು. ಆ ಅಕ್ಕಿ ವ್ಯಾಪಾರದ್ದು, ದಾನದ್ದಲ್ಲ, ಅದು ನನಗೆ ಗೊತ್ತಿದೆ. ಆದರೆ ಊರಿನ ಸಂತೆಯಲ್ಲಿ ಬೆಲೆ ಬೀಳುವಾಗ ಚೀಲ ವ್ಯಾಪಾರದ್ದೋ ದಾನದ್ದೋ ಎಂದು ಯಾರೂ ನೋಡುವುದಿಲ್ಲ.

ಇದಕ್ಕೆ ಎದುರಾಗಿ ಬ್ರೆಜಿಲ್ 2009ರಲ್ಲಿ ಒಂದು ಕಾನೂನು ತಂದಿತು. ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ನ್ನು ಸಣ್ಣ ಹಿಡುವಳಿಯ ರೈತ ಕುಟುಂಬಗಳಿಂದಲೇ ಖರೀದಿಗೆ ಬಳಸಬೇಕೆಂದು ಅದರಲ್ಲಿತ್ತು. ದಾನ ಕೊಡುವವರು ಮೊದಲು ಕೇಳಬೇಕಾದ್ದು ಇದು: ನಿಮ್ಮ ಹಿಟ್ಟು ಆ ದೇಶದ ಹೊಲದ್ದೋ, ಹಡಗಿನದ್ದೋ? ಮೇರೀಸ್ ಮೀಲ್ಸ್ ಮಲಾವಿಯಲ್ಲಿ ಸ್ಥಳೀಯವಾಗಿ ಕೊಳ್ಳುತ್ತದೆ. ಈ ವಿಷಯದಲ್ಲಿ ಅವರಿಗೆ ಪೂರ್ಣ ಅಂಕ ಕೊಡುತ್ತೇನೆ.

ಶಿಶುವೈದ್ಯೆ

ಸ್ಥಳೀಯ ಖರೀದಿ ಒಳ್ಳೆಯದೇ, ಆದರೆ ಒಂದು ಎಚ್ಚರಿಕೆ. ಸರಿಯಾಗಿ ಒಣಗಿಸದ ಮೆಕ್ಕೆಜೋಳದಲ್ಲಿ, ಶೇಂಗಾದಲ್ಲಿ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಕುದಿಸಿದರೆ ಹೋಗುವಂಥದ್ದಲ್ಲ. 2004ರಲ್ಲಿ ಪೂರ್ವ ಕೀನ್ಯಾದಲ್ಲಿ ಇಂಥ ಜೋಳ ತಿಂದು 317 ಜನ ಅಸ್ವಸ್ಥರಾದರು, 125 ಜನ ಸತ್ತರು. ಅದು ಜನರು ಮನೆಯಲ್ಲಿಟ್ಟ, ಸಂತೆಯಲ್ಲಿ ಕೊಂಡ ಜೋಳ, ಶಾಲೆಯದಲ್ಲ. ಆದರೆ ಸಾವಿರಾರು ಮಕ್ಕಳಿಗೆ ಒಂದೇ ಉಗ್ರಾಣದ ಹಿಟ್ಟು ಹೋಗುವಾಗ ಪ್ರತಿ ತಂಡದ ಪರೀಕ್ಷೆ ನಡೆಯಲೇಬೇಕು. ಪರೀಕ್ಷೆ ಯಾರು ಮಾಡುತ್ತಾರೆ, ಕೆಟ್ಟದ್ದು ಸಿಕ್ಕರೆ ಏನು ಮಾಡುತ್ತಾರೆ ಎಂದು ಬರೆದು ಕೇಳಿ. ಒಳ್ಳೆಯ ಸಂಸ್ಥೆಗೆ ಆ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.

ಅಡ್ಡಪ್ರಶ್ನೆ

ಎಲ್ಲವೂ ಸರಿ. ಆದರೆ ಮಗುವಿನ ಊಟ ಸ್ಕಾಟ್ಲೆಂಡಿನ ಯಾರದೋ ಮನಸ್ಸಿನ ಮೇಲೆ ಏಕೆ ನಿಲ್ಲಬೇಕು? ಜಗತ್ತಿನಲ್ಲಿ 40 ಕೋಟಿಗೂ ಹೆಚ್ಚು ಮಕ್ಕಳು ಶಾಲೆಯಲ್ಲಿ ಉಣ್ಣುತ್ತಾರೆಂದು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ವರದಿಗಳಲ್ಲಿದೆ. ಆ ಖರ್ಚಿನ ಬಹುಪಾಲು, ನೂರಕ್ಕೆ ತೊಂಬತ್ತಕ್ಕೂ ಮೇಲೆ, ಆಯಾ ದೇಶದ ಸರ್ಕಾರಗಳದ್ದೇ. ಹೊರಗಿನ ದಾನಿಗಳ ಪಾಲು ದೊಡ್ಡದಾಗಿರುವುದು ಅತಿ ಬಡ ದೇಶಗಳಲ್ಲಿ ಮಾತ್ರ. ಅಂದರೆ ಯಾರಿಗೆ ಊಟ ಅತ್ಯಗತ್ಯವೋ ಅವರ ಊಟವೇ ಅತಿ ಅಭದ್ರ.

ಬೋಟ್ಸ್ವಾನಾ 1998ರ ಹೊತ್ತಿಗೆ, ಕೇಪ್ ವರ್ಡೆ 2010ರಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಕೈಯಿಂದ ಶಾಲಾ ಊಟವನ್ನು ತಮ್ಮ ಕೈಗೆ ತೆಗೆದುಕೊಂಡವು. ಕೀನ್ಯಾ 2009ರಲ್ಲಿ ಆರಂಭಿಸಿ 2018ಕ್ಕೆ ಪೂರ್ತಿ ಮಾಡಿತು. ಭಾರತದಲ್ಲಿ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೆ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಆದೇಶವಿದ್ದರೆ ಊಟ ತಪ್ಪಿದ ದಿನ ಜಗಳ ಮಾಡಬಹುದು. ದಾನ ತಪ್ಪಿದ ದಿನ ಯಾರ ಬಾಗಿಲು ತಟ್ಟುವುದು? 2025ರಲ್ಲಿ ಅಮೆರಿಕ ತನ್ನ ನೆರವಿನ ಸಂಸ್ಥೆಯಾದ ಯುಎಸ್‌ಎಯ್ಡ್ ಅನ್ನೇ ಮುಚ್ಚಿತು. ಸಹಾಯ ಪಡೆಯುತ್ತಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಹಳೆಮೇಷ್ಟ್ರು

ಹಕ್ಕು ಆಗಬೇಕು ಎಂಬುದನ್ನು ಒಪ್ಪುತ್ತೇನೆ ಸ್ವಾಮಿ. ಆದರೆ ಬೋಟ್ಸ್ವಾನಾದ ನೆಲದಡಿ ವಜ್ರವಿದೆ, ಮಲಾವಿಯ ವಿದೇಶಿ ವಿನಿಮಯದ ದೊಡ್ಡ ಆಧಾರ ತಂಬಾಕು. ಎರಡು ಕೋಟಿ ಮೀರಿದ ಜನಸಂಖ್ಯೆ, ಅದರಲ್ಲಿ ಅರ್ಧದಷ್ಟು ಮಕ್ಕಳೇ. ಅಲ್ಲಿನ ಸರ್ಕಾರ ನಾಳೆ ಬೆಳಗ್ಗೆ ಎಲ್ಲ ಶಾಲೆಗಳಿಗೂ ಗಂಜಿ ಕೊಡು ಎಂದರೆ ಶಿಕ್ಷಕರ ಸಂಬಳವನ್ನೇ ಮುಟ್ಟಬೇಕಾದೀತು. ಕಾನೂನು ಬರುವವರೆಗೆ ಈ ವರ್ಷದ ಒಂದನೆಯ ತರಗತಿಯವರು ಕಾಯುತ್ತಾ ಕೂರಲಿ ಎನ್ನಲು ನನ್ನಿಂದಾಗದು.

ಕಡಲತಡಿ

ನಡುವಿನ ದಾರಿ ಹುಡುಕುವವರೂ ಇದ್ದಾರೆ. ನೈರೋಬಿಯಲ್ಲಿ 2023ರಿಂದ ನಗರದ ಆಡಳಿತ ಮತ್ತು ಫುಡ್‌ಫಾರ್ ಎಜುಕೇಶನ್ ಎಂಬ ಅಲ್ಲಿನದೇ ಸಂಸ್ಥೆ ಸೇರಿ ದೊಡ್ಡ ಕೇಂದ್ರ ಅಡುಗೆಮನೆಗಳನ್ನು ನಡೆಸುತ್ತಿವೆ. ಪೋಷಕರು ಊಟಕ್ಕೆ 5 ಶಿಲ್ಲಿಂಗ್ ಕೊಡುತ್ತಾರೆ, ಉಳಿದದ್ದನ್ನು ಆಡಳಿತ ಮತ್ತು ಸಂಸ್ಥೆ ಭರಿಸುತ್ತವೆ. ಮಗುವಿನ ಮಣಿಕಟ್ಟಿನಲ್ಲಿ ಒಂದು ಪಟ್ಟಿ, ಅದನ್ನು ಯಂತ್ರಕ್ಕೆ ತಾಗಿಸಿದರೆ ಮೊದಲೇ ತುಂಬಿದ ಹಣದಿಂದ ಊಟದ ಬೆಲೆ ಕಳೆದುಹೋಗುತ್ತದೆ. ಅಡುಗೆಯವರಿಗೆ ಸಂಬಳವಿದೆ, ಅಡ್ಡಪ್ರಶ್ನೆಯವರಿಗೆ ಸಮಾಧಾನವಾಗಲಿ. ಆದರೆ ಇದು ಟಾರು ರಸ್ತೆ, ವಿದ್ಯುತ್ತು ಇರುವ ನಗರದಲ್ಲಿ ನಡೆಯುವ ಮಾತು. ಮಳೆಗಾಲದಲ್ಲಿ ಲಾರಿ ಹೂತುಹೋಗುವ ಊರಿಗೆ ಕೇಂದ್ರ ಅಡುಗೆಮನೆಯ ಬಿಸಿ ಊಟ ತಲುಪಲಾರದು, ಅಲ್ಲಿ ಶಾಲೆಯ ಹಿಂದಿನ ಹಂಡೆಯೇ ಗತಿ.

ಮಳೆಬಿಲ್ಲು

ಇಷ್ಟು ಉತ್ತರ ಬರಬಹುದೆಂದು ಎಣಿಸಿರಲಿಲ್ಲ. ಊಟದ ಹೊತ್ತಿಗೆ ಎಲ್ಲವನ್ನೂ ಮನೆಯವರಿಗೆ ಓದಿ ಹೇಳಿದೆ. ಯಜಮಾನರು ಲೆಕ್ಕ ಒಪ್ಪಿದರು, ಆದರೆ ಅಡ್ಡಪ್ರಶ್ನೆಯವರ ಕೂಲಿಯ ಸಾಲು ಅವರ ತಲೆಯಿಂದ ಇಳಿಯುತ್ತಿಲ್ಲ. ಮಗಳು ಮಾತ್ರ "ಹಾಗಾದರೆ ಅಡುಗೆಯವರಿಗೆ ಅಂತ ಬೇರೆ ಕೊಡೋಣ" ಎನ್ನುತ್ತಾಳೆ. ಹಾಗೆ ಕೊಡಲಾಗುತ್ತದೆಯೇ? ಒಂದು ನಿರ್ದಿಷ್ಟ ಶಾಲೆಗೇ ಕೊಡುವುದು ಒಳ್ಳೆಯದೇ?

ಲೆಕ್ಕಿಗ

ಒಂದೇ ಶಾಲೆಯ ಹೆಸರಿಗೆ ಕಟ್ಟಿಹಾಕಬೇಡಿ. ನೋಡಲು ಹತ್ತಿರವೆನಿಸುತ್ತದೆ, ಆದರೆ ಆ ಶಾಲೆಗೆ ಹಣ ಹೆಚ್ಚಾಗಿ ಪಕ್ಕದ ಶಾಲೆಗೆ ಕಡಿಮೆಯಾದರೆ ಸಂಸ್ಥೆಯ ಕೈ ಕಟ್ಟಿದಂತಾಗುತ್ತದೆ. ಜೊತೆಗೆ, ಊಟ ಆರಂಭಿಸಿ ನಡುವೆ ನಿಲ್ಲಿಸಿದರೆ ಆರಂಭಿಸದಿದ್ದುದಕ್ಕಿಂತ ಕೇಡು. ಆದ್ದರಿಂದ ಒಮ್ಮೆ ದೊಡ್ಡ ಮೊತ್ತ ಕೊಟ್ಟು ಮರೆಯುವುದಕ್ಕಿಂತ ಸಣ್ಣದನ್ನು ತಪ್ಪದೆ ಕೊಡುವುದು ಉತ್ತಮ. ಅಡುಗೆಯವರಿಗೆಂದು ಹೊರಗಿನವರು ಬೇರೆ ಹಣ ಕೊಟ್ಟರೆ ಈ ಶಾಲೆಯವರಿಗೆ ಕೂಲಿ, ಆ ಶಾಲೆಯವರಿಗೆ ಇಲ್ಲ ಎಂಬ ಜಗಳ ಹುಟ್ಟೀತು. ಅದಕ್ಕಿಂತ, ಹೊಗೆಯಿಲ್ಲದ, ಸೌದೆ ಕಡಿಮೆ ಸಾಕಾಗುವ ಒಲೆ ಮತ್ತು ಅಡುಗೆಮನೆ ಕಟ್ಟಲು ಪ್ರತ್ಯೇಕ ನಿಧಿ ಇದೆಯೇ ಎಂದು ಕೇಳಿ. ಅದು ನೇರವಾಗಿ ಆ ಹೆಂಗಸರ ಕಣ್ಣು, ಎದೆ, ಬೆನ್ನು ಮೂರನ್ನೂ ಉಳಿಸುತ್ತದೆ.

ಅಡ್ಡಪ್ರಶ್ನೆ

ಒಲೆಯ ಸಲಹೆ ಒಪ್ಪಿದೆ. ಆದರೂ ಕೂಲಿಯ ಪ್ರಶ್ನೆಯನ್ನು ಪತ್ರದಲ್ಲಿ ಬರೆಯಿರಿ, ಬಿಡಬೇಡಿ. ದಾನಿಗಳು ಕೇಳದ ಪ್ರಶ್ನೆಗೆ ಯಾವ ಸಂಸ್ಥೆಯೂ ಉತ್ತರ ಸಿದ್ಧಪಡಿಸಿಕೊಳ್ಳುವುದಿಲ್ಲ.

ಮಳೆಬಿಲ್ಲು

ಪತ್ರ ಬರೆಯುವ ಕೆಲಸ ಮಗಳದ್ದು. ಕೂಲಿ, ಹಿಟ್ಟಿನ ಪರೀಕ್ಷೆ, ಒಲೆ, ಮೂರನ್ನೂ ಸೇರಿಸಲು ಹೇಳಿದ್ದೇನೆ. ಹಣವನ್ನು ಮೂರು ವರ್ಷಕ್ಕೆ ಹಂಚಿ ಕೊಡುವುದೆಂದು ತೀರ್ಮಾನವಾಯಿತು. ಕೊನೆಯದಾಗಿ ಒಂದು: ವರ್ಷದ ಯಾವ ಹೊತ್ತಿನಲ್ಲಿ ಕೊಟ್ಟರೆ ಹೆಚ್ಚು ಉಪಯೋಗ? ಹಸಿವಿನ ತಿಂಗಳುಗಳಲ್ಲಿ ಕೊಡಬೇಕೇನೋ ಎಂದು ನನ್ನ ಊಹೆ.

ದಕ್ಷಿಣಾಯನ

ಹಸಿವು ಹೆಚ್ಚಾಗಿರುವುದು ಜನವರಿಯಿಂದ ಮಾರ್ಚ್‌ವರೆಗೆ, ಹಳೆಯ ಜೋಳ ತೀರಿ ಹೊಸದು ಬರುವ ಮುಂಚೆ. ಆದರೆ ಆಗ ಚೀಲದ ಬೆಲೆ ಆಕಾಶದಲ್ಲಿರುತ್ತದೆ. ಕೊಯ್ಲು ಮುಗಿದ ಏಪ್ರಿಲ್‌ನಿಂದ ಜೂನ್‌ವರೆಗೆ ಅಗ್ಗ, ರೈತನ ಮನೆಯಲ್ಲೂ ಮಾರಲು ಇರುತ್ತದೆ. ದೊಡ್ಡ ಖರೀದಿ ಮಾಡಿ ಉಗ್ರಾಣ ತುಂಬಿಸಬೇಕಾದ್ದು ಆಗ. ಹಾಗಾಗಿ ನಿಮ್ಮ ಹಣ ಮಾರ್ಚ್ ಕೊನೆಯೊಳಗೆ ಅವರ ಖಾತೆಯಲ್ಲಿದ್ದರೆ ಅದೇ ಮೊತ್ತಕ್ಕೆ ಹೆಚ್ಚು ಚೀಲ ಬರುತ್ತದೆ.